ಮಷಿನ್ನಿಗೆ ಆರಿಸಿದ ಶೇಂಗಾ

ಪೀಣ್ಯದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಚಿಕ್ಕಿ ಕಾರ್ಖಾನೆಯ ಬಸಕ್ಕ, ಆಕೆಯ ನೆರೆಮನೆಯ ಸುಮಂಗಲಾ ಲಗ್ಗೆರೆ ಬಸ್ಸಿಗೆ ಕಾಯುತ್ತಿದ್ದರು.

"ಬಸಕ್ಕ, ಹೊಸಾ ಮಷಿನ್ ಏನ್ ನೋಡ್ತದ?"

"ಶೇಂಗಾದಾಗ ಬೂಷ್ಟಿನ ವಿಷ ಐತೇನಂತ. ಪುಡಿ ಮಾಡಿ ಕಲಸಿ, ಪಟ್ಟಿ ಮ್ಯಾಲ ಒಂದ್ ಹನಿ ಬಿಟ್ರ ಹೇಳ್ತದ."

"ಛಲೋ ಆತಲ್ಲ. ನಿನಗೇನ್ ಕೆಲಸ?"

"ಮಷಿನ್ನಿಗೆ ಹಾಕೋ ಶೇಂಗಾ ಆರಿಸೂದು. ಕರೀದು, ಮುರುಟಿದ್ದು ಒಂದೂ ಇರಬಾರದು."

"ಆರಿಸಿ ತಗದದ್ದು?"

"ವಾಪಸ್ ಚೀಲಕ್ಕ. ಚೀಲ ಯಾರ್ ಆರಿಸ್ತಾರ? ಅದರಾಗೇ ಚಿಕ್ಕಿ."

"ಅಯ್ಯ, ನನ್ನ ಮಗ ದಿನಾ ಅದನ್ನೇ ತಿಂತಾನಲ್ಲ! ನಿನ್ನ ಮೊಮ್ಮಗಳಿಗೆ ಕೊಡ್ತೀಯೇನ?"

ಬಸಕ್ಕ ಸೆರಗಿನ ಗಂಟು ಮುಟ್ಟಿಕೊಂಡಳು.

"ಆಕಿಗೆ ಮಷಿನ್ನಿಗೆ ಆರಿಸಿದ್ದರಾಗ ಒಂದ್ ಹಿಡಿ ಒಯ್ತೀನಿ."

ಬಸ್ ಬಂತು. ಬಸಕ್ಕನ ಪಕ್ಕ ಸೀಟು ಖಾಲಿಯಿತ್ತು. ಸುಮಂಗಲಾ ನಿಂತೇ ಹೋದಳು.