ಕನ್ನಡಿಯಲ್ಲಿ ಬಿಚ್ಚಿದ ಮುಷ್ಟಿ

ಆಸ್ಪತ್ರೆಯ ನೋವಿನ ವಿಭಾಗದ ಹೊರಗೆ ಮೇಷ್ಟರು ಸೊಂಟ ಹಿಡಿದುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಎಡಗೈ ಕಳೆದುಕೊಂಡಿದ್ದ ಕ್ಷೌರಿಕನೊಬ್ಬ ಒಳಗಿನಿಂದ ಬಂದು ಅವರೆದುರಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತ.

"ಏನು ಮಾಡಿಸಿದ್ರು?" ಹೆಂಡತಿ ಕೇಳಿದಳು.

"ಕನ್ನಡೀಲಿ ಬಲಗೈ ತೋರಿಸಿ, ಇದೇ ಎಡಗೈ ಅಂತ ಮಿದುಳನ್ನ ನಂಬಿಸಿದ್ರು. ಇಲ್ಲದ ಕೈ ಮುಷ್ಟಿ ಬಿಗಿದುಕೊಂಡು ಪ್ರಾಣ ತಿಂತಿತ್ತಲ್ಲ, ಇವತ್ತು ಬಿಚ್ಚಿತು ಕಣೇ."

"ಮೂವತ್ತು ವರ್ಷ ಊರಿಗೆಲ್ಲ ಕನ್ನಡಿ ಹಿಡಿದ್ರಿ, ಈಗ ನಿಮ್ಮ ಪಾಳಿ! ನೋವು?"

"ಹೋಯ್ತು."

"ಮತ್ಯಾಕೆ ಹೀಗೆ ಮುಖ?"

"ನೋವಿರೋವರೆಗೂ ಕೈ ಇದೆ ಅನ್ನಿಸ್ತಿತ್ತು. ಕನ್ನಡೀಲಿ ಎರಡೂ ಇದ್ವು. ಇನ್ನೊಂದು ಗಳಿಗೆ ನೋಡ್ತೀನಿ ಅಂತ ಬೇಡಿಕೊಂಡೆ."

"ಬಿಟ್ರಾ?"

"ಹೊರಗೆ ಜನ ಕಾಯ್ತಿದಾರೆ ಅಂದ್ರು."

ಮೇಷ್ಟರು ತಲೆ ತಗ್ಗಿಸಿದರು.

"ಏಳಿ, ನಮ್ಮ ಅಂಗಡೀಲಿ ಕನ್ನಡಿಗೇನು ಬರವೇ?" ಎನ್ನುತ್ತಾ ಅವಳು ಅವನ ಎಡಕ್ಕೆ ಸುತ್ತಿಬಂದು, ಅಂಗಿಯ ಖಾಲಿ ತೋಳು ಹಿಡಿದು ನಡೆದಳು.