ಯಾರೂ ನೋಡದ ಮೀನುಗಳು

ಒಂದು ಊರು, ಆ ಊರಿನ ಬಸ್ ನಿಲ್ದಾಣದ ಎದುರಿಗೇ ಒಬ್ಬ ಸಿರಿವಂತ. ಸಿರಿವಂತ ಎಂದ ಕೂಡಲೇ ಕಿರೀಟ, ಕುದುರೆ ನೆನೆಸಿಕೊಳ್ಳಬೇಡಿ. ಇವನದು ಫೋಟೋ ಸ್ಟುಡಿಯೋ. ಸುತ್ತಮುತ್ತ ಯಾರ ಮದುವೆಯಾದರೂ ಆಲ್ಬಮ್ ಇವನಲ್ಲೇ. ಗಾಜಿನ ಬಾಗಿಲು, ಒಳಗೆ ಸಾಲಾಗಿ ಐದು ಕಂಪ್ಯೂಟರು. ಮಾತಿನಲ್ಲಂತೂ ಹೀರೋ, ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕೊಡುವಾಗಲೂ ಕನ್ನಡಕ ಏರಿಸಿ ಒಂದು ಡೈಲಾಗ್ ಬಿಡುತ್ತಿದ್ದ.

ಇವನಿಗೊಂದು ನಂಬಿಕೆ ಇತ್ತು, ನೋಡಿ. ಒಂದೊಂದೂ ಆಯುಧಪೂಜೆಯಂದು ಕುಂಕುಮ ಇಟ್ಟು ಹೂ ಮುಡಿಸಿದ ಮಾನಿಟರ್. ಅಂಗಡಿ ತೆರೆದಿರುವಾಗ ಅದರ ಮುಖ ಕಪ್ಪಾಗಬಾರದು. ಕಪ್ಪಾದರೆ ಲಕ್ಷ್ಮಿ ಬಾಗಿಲಿಂದಲೇ ವಾಪಸ್. ಹಾಗಾಗಿ ಕೆಲಸವಿಲ್ಲದಾಗ ಪರದೆ ತುಂಬ ಮೀನು ಈಜುವಂತೆ ಮಾಡಿಟ್ಟಿದ್ದ. ಕೆಂಪು ಮೀನು, ನೀಲಿ ಮೀನು, ನಡುವೆ ಗುಳ್ಳೆಗಳು. ಮೀನು ಬಂತೆಂದರೆ ಮಾನಿಟರ್ ನಿದ್ದೆ ಹೋಯಿತು, ಇನ್ನು ಕರೆಂಟ್ ಎಳೆಯುವುದಿಲ್ಲ ಎಂದುಕೊಂಡಿದ್ದ. ನಿದ್ದೆಯಾ ಅದು? ಕಣ್ಣು ಬಿಟ್ಟುಕೊಂಡು ಕುಣಿಯುವುದು ನಿದ್ದೆಯಾ? ಮದುವೆ ಫೋಟೋ ತೋರಿಸಿದರೂ ಬೆಳಗಬೇಕು, ಮೀನು ತೋರಿಸಿದರೂ ಬೆಳಗಬೇಕು. ಬೆಳಗುವುದಕ್ಕೆ ಕರೆಂಟ್ ಬೇಕು. ಎದುರಿಗೆ ಯಾರು ಕೂತಿದ್ದಾರೆ ಎಂದು ಅದು ಕೇಳುವುದಿಲ್ಲ.

ಒಂದು ದಿನ ಅವನ ಅಕ್ಕ ಬಂದಳು. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡವಳು. ತನ್ನ ಹಳೆಯ ಕುಂಕುಮದ ಡಬ್ಬಿಯಿಂದ ಒಂದು ಮೆಮೊರಿ ಕಾರ್ಡ್ ತೆಗೆದು ತಮ್ಮನ ಅಂಗೈಗಿಟ್ಟಳು. ಗಂಡನ ಫೋನಿನದು. ಗಣಪತಿ ಪೆಂಡಾಲಿನಲ್ಲಿ ಆತ ಸೀರೆ ಉಟ್ಟು ಹೆಣ್ಣಿನ ಪಾರ್ಟು ಮಾಡಿ ಬೀದಿಯನ್ನೆಲ್ಲ ನಗಿಸಿದ್ದರ ವಿಡಿಯೋ ಅದರಲ್ಲಿತ್ತು. ಆತನ ದನಿ ಉಳಿದಿದ್ದು ಅದೊಂದರಲ್ಲೇ. ಈಗ ಕಾರ್ಡ್ ಕೆಟ್ಟು, ಫೋನಿಗೆ ಹಾಕಿದರೆ ಏನೂ ಕಾಣುತ್ತಿರಲಿಲ್ಲ.

ಅವತ್ತು ಲೈನ್ ದುರಸ್ತಿಯೆಂದು ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಇಡೀ ಅಂಗಡಿ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಕೆಲಸದವರೆಲ್ಲ ಊಟಕ್ಕೆ ಹೋಗಿದ್ದರು. ತಮ್ಮ ಒಂದು ಕಂಪ್ಯೂಟರಿಗೆ ಕಾರ್ಡ್ ಹಾಕಿ ಕೂತ. ಏನೇನೋ ಮಾಡಿದ ಮೇಲೆ ಅದು ಕೊನೆಗೂ ಉಸಿರಾಡಿತು. ವಿಡಿಯೋ ಮೆಲ್ಲಗೆ, ತೆವಳಿಕೊಂಡು ಕಾಪಿಯಾಗತೊಡಗಿತು. ಕಾರ್ಡಿಗೆ ಇದೇ ಕೊನೇ ಸಲ, ಇನ್ನೊಂದು ಸಲ ತಡೆಯುವುದಿಲ್ಲ ಎಂದು ಅವನೇ ಅಕ್ಕನಿಗೆ ಹೇಳಿದ. ಅಕ್ಕ ಪಕ್ಕದ ನಾಲ್ಕು ಮಾನಿಟರ್‌ಗಳ ಕಡೆ ನೋಡಿದಳು.

"ಯಾರೂ ಕೂತಿಲ್ವಲ್ಲೋ ಅಲ್ಲಿ. ಯಾರಿಗೆ ತೋರಿಸ್ತಿದೀಯ ಆ ಮೀನುಗಳ್ನ? ಆರಿಸ್ಬಾರ್ದಾ?"

ಇವನು ಕುರ್ಚಿ ಗರ್ರನೆ ತಿರುಗಿಸಿದ. "ಅಕ್ಕಾ, ಈ ಅಂಗಡೀಲಿ ಕತ್ತಲೆಗೆ ಎಂಟ್ರೀನೇ ಇಲ್ಲ."

ಅಕ್ಕ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕಿದ್ದೇ ಅಪರೂಪ. ಅದಕ್ಕೇ ಇವನು ಇನ್ನೂ ಎರಡು ಡೈಲಾಗ್ ಹೊಡೆದ. ಮೀನುಗಳು ಈಜುತ್ತಲೇ ಇದ್ದವು.

ಬ್ಯಾಟರಿ ಕುಯ್ ಕುಯ್ ಎನ್ನತೊಡಗಿತು. ಕಾಪಿ ಇನ್ನೇನು ಮುಗಿಯುವುದರಲ್ಲಿತ್ತು. ಇವನು ಹಾರಿ ಎದ್ದ. ಒಂದು ಮಾನಿಟರ್ ಆರಿಸಿದ, ಇನ್ನೊಂದು ಆರಿಸಿದ, ಮೂರನೆಯದಕ್ಕೆ ಕೈ ಚಾಚಿದ. ಅಷ್ಟೇ. ಅಂಗಡಿಗೆ ಅಂಗಡಿಯೇ ಕಪ್ಪಾಯಿತು.

ಸಿನಿಮಾ ಆಗಿದ್ದರೆ ಸರಿಯಾಗಿ ಆ ಕ್ಷಣಕ್ಕೆ ಕರೆಂಟ್ ಬರುತ್ತಿತ್ತು, ಎಲ್ಲೋ ದೇವಸ್ಥಾನದ ಗಂಟೆ ಮೊಳಗುತ್ತಿತ್ತು. ಇಲ್ಲಿ ಬಂದಿದ್ದು ಸಂಜೆಗೆ. ಕಾಪಿಯಾದಷ್ಟು ವಿಡಿಯೋ ತೆರೆಯಲಿಲ್ಲ. ಕಾರ್ಡ್ ಮತ್ತೆ ಬಾಯಿ ಬಿಡಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕಾರ್ಡನ್ನು ತಿರುಗಿ ಕುಂಕುಮದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

"ಬಿಡೋ ತಮ್ಮಾ," ಅಂದಳು. "ಮೀನು ಚೆನ್ನಾಗಿದ್ವು."

ಡೈಲಾಗಿನ ರಾಜ ಎದ್ದು, ಉಳಿದಿದ್ದ ಎರಡು ಮಾನಿಟರ್‌ಗಳನ್ನೂ ಆರಿಸಿದ.

ಈಗ ಆ ಸ್ಟುಡಿಯೋದಲ್ಲಿ ಕೂತವರು ಎದ್ದರೆ ಮಾನಿಟರೂ ಆರುತ್ತದೆ. ಅಂಗಡಿ ಮುಚ್ಚಿದೆಯೇನೋ ಎಂದು ಗಿರಾಕಿಗಳು ಇಣುಕುತ್ತಾರೆ. ಅವನು ಬನ್ನಿ ಅನ್ನುತ್ತಾನೆ. ಅಷ್ಟೇ ಅನ್ನುತ್ತಾನೆ.

ಪಾಪ, ಅವನ ಕಥೆ ಅದು ಎಂದು ತಲೆದೂಗುತ್ತಿದ್ದೀರಲ್ಲ, ಈಗ ನಮ್ಮ ಮನೆಗೆ ಬರೋಣ. ನಿಮ್ಮ ಪರದೆಯ ಮೇಲೆ ಏನು ಓಡುತ್ತಿದೆ? ಮೀನಾ, ಹೂವಾ, ದೇವರ ಪಟವಾ? ದೇವರ ಪಟವಾದರೂ ಅಷ್ಟೇ ಕರೆಂಟ್, ರಿಯಾಯಿತಿ ಇಲ್ಲ. ಟೀ ಕುಡಿಯಲು ಎದ್ದಿರಾ? ಮಾನಿಟರಿನ ಗುಂಡಿ ಒತ್ತಿ ಏಳಿ. ಮರೆಯುತ್ತೀರಾ? ಸ್ವಲ್ಪ ಹೊತ್ತಿಗೆ ತಾನಾಗಿಯೇ ಕಪ್ಪಾಗುವ ಹಾಗೆ ಇವತ್ತೇ ಮಾಡಿಸಿಡಿ; ಆ ನಿಜವಾದ ನಿದ್ದೆಗೆ ಹೆಚ್ಚು ಕರೆಂಟ್ ಬೇಕಿಲ್ಲ. ಕಪ್ಪು ಪರದೆ ಅಪಶಕುನವಲ್ಲ. ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಬೆಳಕಿಲ್ಲದಿರುವುದು ಅಪಶಕುನ.

ಇನ್ನೊಂದು ಮಾತು. ನಮ್ಮದೇ ದೇವಸ್ಥಾನದ ಆಫೀಸಿನಲ್ಲಿ, ಸೇವೆಯ ಚೀಟಿ ಕೊಡುವ ಕಂಪ್ಯೂಟರ್ ಈಗಲೂ ಉರಿಯುತ್ತಿದೆ. ಅದರ ಮುಂದೆ ಕೂರುವವರು ಇಲ್ಲಿ ಹರಿಕಥೆ ಕೇಳುತ್ತ ಎರಡನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನಾಚಿಕೆ ಬೇಡ, ಎದ್ದು ಹೋಗಿ ಆರಿಸಿ ಬನ್ನಿ. ನೀವು ಬಂದ ಮೇಲೇ ಮಂಗಳ ಹಾಡೋಣ.