ಸ್ಟಾಕ್‌ಹೋಮಿಗೆ ಯಾವ ಹಡಗು

ಹೆಲ್ಸಿಂಕಿಯ ಕಡಲಂಚಿನಲ್ಲಿ ಊರವರೆಲ್ಲ ಬಟ್ಟೆ ಒಗೆಯುವ ಕಟ್ಟೆಯಲ್ಲಿ ಜಮಖಾನ ತಿಕ್ಕುತ್ತಿದ್ದ ಐಲಾಳ ಕೈ, ಪಕ್ಕದಲ್ಲೇ ಮೊಮ್ಮಗಳ ಜತೆ ಒಗೆಯುತ್ತಿದ್ದ ಅಪರಿಚಿತ ಅಜ್ಜ ಅಜ್ಜಿಯ ಜಗಳ ಕೇಳಿ ನಿಂತಿತು.

“ತುರ್ಕು ಬಂದರಿಂದ ಹಡಗು ಹತ್ತೋಣ ಕಣೇ. ಹಗಲಿಡೀ ದ್ವೀಪ ನೋಡ್ತಾ ಹೋಗಬಹುದು.”

“ನಿನ್ನ ದ್ವೀಪಕ್ಕಿಷ್ಟು! ತುರ್ಕುವರೆಗೆ ರೈಲಲ್ಲಿ ಸಾಮಾನು ಹೊರೋರು ಯಾರು? ಇಲ್ಲೇ ಸಂಜೆ ಹತ್ತಿದ್ರೆ ಬೆಳಿಗ್ಗೆ ಸ್ಟಾಕ್‌ಹೋಮು.”

“ರಾತ್ರಿಯೆಲ್ಲ ಕುಡುಕರ ಹಾಡು. ಮಗು ಮಲಗುತ್ತಾ?”

“ನಿನ್ನ ಗೊರಕೆಗೇ ಮಲಗುತ್ತೆ, ಹಾಡು ಯಾವ ಲೆಕ್ಕ? ಅವಳಮ್ಮ ಬಂದರಿಗೇ ಬರ್ತಾಳೆ. ಒಪ್ಪಿಸಿ, ಸಂಜೆ ಅದೇ ಹಡಗಲ್ಲಿ ವಾಪಸ್ಸು.”

“ಅಷ್ಟು ಅವಸರವಾ ನಿನಗೆ?”

“ಇನ್ನೆಷ್ಟು ಸಲ ಹೇಳಲಿ! ಇನ್ಮೇಲೆ ಅವಳ ಶಾಲೆ ಅಲ್ಲೇ ಅಂತ ಮಗಳು ತೀರ್ಮಾನ ಮಾಡಾಯ್ತು.”

ಅಜ್ಜಿ ಒದ್ದೆ ಜಮಖಾನ ಸುತ್ತಿ ಹೊರಟರು, ಅಜ್ಜ ಗೊಣಗುತ್ತ ಹಿಂದೆ. ಬ್ರಷ್ಷು ಹಿಡಿದ ಮೊಮ್ಮಗಳು ಸೈಮಿ ಮಾತ್ರ ಕದಲಲಿಲ್ಲ.

“ಅಜ್ಜೀ, ವಾಪಸ್ ಬರೋ ಟಿಕೆಟ್ ನನಗೂ ತಗೋತೀರಾ?”